ಲಕ್ಷ್ಮಿಯೂ ಅವರೇ, ಕಳ್ಳಿಯೂ ಅವರೇ

ಫೆಬ್ರವರಿ ಮುಗಿಯುವ ಹೊತ್ತಿಗೆ ಶಾಲೆಯ ಆ್ಯಪ್‌ನಲ್ಲಿ ಆ ಸಂದೇಶ ಬಂದೇ ಬರುತ್ತದೆ. ಮಾರ್ಚ್ 21ಕ್ಕೆ ಹಾರ್ಮನಿ ಡೇ, ಮಕ್ಕಳು ಕಿತ್ತಳೆ ಬಣ್ಣದ ಬಟ್ಟೆಯನ್ನಾಗಲಿ ತಮ್ಮ ಸಂಸ್ಕೃತಿಯ ಉಡುಪನ್ನಾಗಲಿ ಹಾಕಿಕೊಂಡು ಬರಬಹುದು. ವಿಂಡಮ್ ವೇಲ್‌ನಲ್ಲಿ ನಮ್ಮಂಥವರ ಮನೆಗಳಲ್ಲಿ ಅವತ್ತು ಸಂಜೆಯೇ ಮಂಚದ ಕೆಳಗಿನ ಸೂಟ್‌ಕೇಸ್ ಹೊರಗೆ ಬರುತ್ತದೆ. ಕಳೆದ ಸಲ ಊರಿಗೆ ಹೋದಾಗ ಹೊಲಿಸಿದ ಜರಿಲಂಗ ಇನ್ನೂ ಆಗುತ್ತದಾ, ಒಳಗೆ ಮಡಚಿ ಹೊಲಿದದ್ದನ್ನು ಬಿಚ್ಚಿದರೆ ಉದ್ದ ಸಾಕಾಗುತ್ತದಾ, ಬಳೆ ಎಲ್ಲಿಟ್ಟೆ? ನಿಮ್ಮ ಮನೆಯಲ್ಲೂ ಇದೇ ನಡೆಯುತ್ತದೆ ಅಂದುಕೊಂಡಿದ್ದೇನೆ.

ಈ ವರ್ಷ ಸೂಟ್‌ಕೇಸ್ ಬಾಯಿ ತೆರೆಯುವ ಮೊದಲೇ ಮಗಳು ಬಾಯಿ ತೆರೆದಳು. ಅವಳಿಗೆ ಏಳು ವರ್ಷ, ಎರಡನೇ ತರಗತಿ. ಹೋದ ವರ್ಷ ಹಸಿರು ಜರಿಲಂಗ ಹಾಕಿಕೊಂಡು ಕುಣಿಯುತ್ತ ಹೋದವಳು ಸಂಜೆ ಸಪ್ಪೆ ಮುಖ ಮಾಡಿಕೊಂಡು ಬಂದಿದ್ದಳು. ಯಾರೋ ದೊಡ್ಡವರು ‘ಬಾಲಿವುಡ್ ಪ್ರಿನ್ಸೆಸ್’ ಅಂದರಂತೆ, ಬಾವುಟಗಳ ಮುಂದೆ ನಿಲ್ಲಿಸಿ ಫೋಟೋ ತೆಗೆದರಂತೆ. ಅಂದವರು ಪ್ರೀತಿಯಿಂದಲೇ ಅಂದಿರುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಮಾತು ಒಂದು ವರ್ಷ ಅವಳ ಒಳಗೆ ಕೂತಿತ್ತು. “ಅಮ್ಮ, ನಾನು ಅದನ್ನ ಮನೇಲಿ ಹಾಕೋದೇ ಇಲ್ಲ. ಮನೇಲಿ ಟ್ರ್ಯಾಕ್ ಪ್ಯಾಂಟ್ ಹಾಕ್ತೀನಿ. ಇದು ಬೇರೆಯವರಿಗೆ ತೋರಿಸೋಕೆ ಮಾತ್ರ. ಇದು ನಾಟಕ ಅಲ್ವಾ?” ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದಳು, ‘ನಾಟಕ’ ಎನ್ನುವ ಒಂದು ಶಬ್ದ ಬಿಟ್ಟು. ಆ ಶಬ್ದ ಕಲಿಸಿದವಳು ನಾನೇ. ಅವಳು ಹೊಟ್ಟೆನೋವಿನ ನೆವ ಹೇಳಿ ತಟ್ಟೆ ಸರಿಸಿದಾಗಲೆಲ್ಲ ‘ನಾಟಕ ಮಾಡಬ್ಯಾಡ’ ಎಂದು ಗದರಿಸಿ ಗದರಿಸಿ ಕಲಿಸಿದ್ದು.

ನಾನು ವೃತ್ತಿಯಿಂದ ವಿಜ್ಞಾನಿ. ಪಾರ್ಕ್‌ವಿಲ್‌ನ ಒಂದು ಪ್ರಯೋಗಾಲಯದಲ್ಲಿ ಜೀವಕೋಶಗಳ ಚಿತ್ರ ತೆಗೆದು ಅಳೆಯುವುದು ನನ್ನ ಕೆಲಸ. ಪ್ರಶ್ನೆ ಸರಿಯಾಗಿದ್ದರೆ ಅದಕ್ಕೆ ಹಾರಿಕೆಯ ಉತ್ತರ ಕೊಡಬಾರದು ಎಂಬುದು ನಮ್ಮ ಕಸುಬಿನ ನೇಮ. ‘ನಮ್ಮ ಸಂಸ್ಕೃತಿ ಪುಟ್ಟಿ, ಸುಮ್ಮನೆ ಹಾಕಿಕೋ’ ಅನ್ನುವುದು ಹಾರಿಕೆಯ ಉತ್ತರವೇ. ಹಾಗಾಗಿ ಒಂದು ದಿನದ ಟೈಮ್ ಕೇಳಿದೆ. ಮರುದಿನ ಸಂಜೆ ರೈಲಿನಲ್ಲಿ ಬರುವಾಗ, ಸನ್‌ಶೈನ್ ದಾಟುತ್ತಿದ್ದಂತೆ, ಬೆಂಗಳೂರಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗ ಹಾಸ್ಟೆಲ್ ಗೆಳತಿಯೊಬ್ಬಳು ತೋರಿಸಿದ್ದ ಫೋಟೋಗಳು ನೆನಪಾದವು. ಒಬ್ಬರೇ ಹೆಂಗಸು, ಹತ್ತಾರು ವೇಷ. ಒಂದರಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿ, ಇನ್ನೊಂದರಲ್ಲಿ ಪೊಲೀಸರು ಹಿಡಿದು ತಂದ ಕಳ್ಳಿ.

ಆಕೆ ಎನ್. ಪುಷ್ಪಮಾಲಾ. ನಮ್ಮ ಬೆಂಗಳೂರಿನವರು, ಹುಟ್ಟಿದ್ದು 1956ರಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೆ ಹೋಗಿ ಶಿಲ್ಪಕಲೆ ಕಲಿತರು. 1980ರ ದಶಕದಲ್ಲಿ ಅವರ ಹೆಸರು ಕೇಳಿಬಂದದ್ದು ಶಿಲ್ಪಿಯೆಂದೇ. ಸುಟ್ಟ ಮಣ್ಣಿನಲ್ಲಿ ಹುಡುಗಿಯರ, ಹೆಂಗಸರ ಆಕೃತಿ ಮಾಡುತ್ತಿದ್ದರು, ರಾಷ್ಟ್ರಮಟ್ಟದ ಪ್ರಶಸ್ತಿಗಳೂ ಬಂದಿದ್ದವು. ಅದೇ ದಾರಿಯಲ್ಲಿ ಮುಂದುವರಿದಿದ್ದರೂ ಒಳ್ಳೆಯ ಹೆಸರೇ ಇರುತ್ತಿತ್ತು. ಆದರೆ 1992-93ರ ಗಲಭೆಗಳ ನಂತರ ದೇಶದ ಹಲವು ಕಲಾವಿದರಂತೆ ಅವರ ಕೆಲಸವೂ ದಿಕ್ಕು ಬದಲಿಸಿತು. ಮಣ್ಣು ಹಿಂದೆ ಸರಿಯಿತು. ದಶಕ ಮುಗಿಯುವುದರೊಳಗೆ ಅವರ ಮಾಧ್ಯಮ ತಮ್ಮದೇ ಮೈ, ತಮ್ಮದೇ ಮುಖ ಆಗಿತ್ತು. ಹೊರಗಿನಿಂದ ಆಕೃತಿ ಕಟ್ಟುತ್ತಿದ್ದವರು ತಾವೇ ಆಕೃತಿಯೊಳಗೆ ಹೊಕ್ಕರು. ಇದನ್ನು ಕಲಾಲೋಕದವರು ಫೋಟೋ ಪರ್ಫಾರ್ಮೆನ್ಸ್ ಎನ್ನುತ್ತಾರೆ. ಭಾರತದಲ್ಲಿ ಈ ದಾರಿ ತೆರೆದವರಲ್ಲಿ ಅವರು ಮೊದಲಿಗರು.

ಪರ್ಫಾರ್ಮೆನ್ಸ್ ಆರ್ಟ್ ಅಂದ ಕೂಡಲೇ ನಮ್ಮಲ್ಲಿ ಅರ್ಧ ಜನ ಮೂಗು ಮುರಿಯುತ್ತಾರೆ. ನನ್ನ ಯಜಮಾನರೂ ಅದೇ ಅರ್ಧಕ್ಕೆ ಸೇರಿದವರು. ಅವರ ತಪ್ಪೂ ಇಲ್ಲ. ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳುತ್ತೇನೆ (ನೋಡಿ, ‘ನಮ್ಮ ದೇಶ’ ಎಂದು ನಾನೂ ಈಗ ಆಸ್ಟ್ರೇಲಿಯಾವನ್ನು ಅನ್ನತೊಡಗಿದ್ದೇನೆ). 1981ರಲ್ಲಿ ಸಿಡ್ನಿಯ ಆರ್ಟ್ ಗ್ಯಾಲರಿಯಲ್ಲಿ ಮರೀನಾ ಅಬ್ರಮೋವಿಚ್ ಮತ್ತು ಉಲಾಯ್ ಎಂಬ ಜೋಡಿ ಮೇಜಿನ ಎರಡು ಬದಿಗೆ ಎದುರುಬದುರು ಕೂತು, ದಿನಗಟ್ಟಲೆ, ಮಾತಿಲ್ಲದೆ ಅಲುಗಾಡದೆ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅದೇ ಕೃತಿ. “ಇದನ್ನ ನಾವೂ ದಿನಾ ಮಾಡ್ತೀವಿ, ಊಟದ ಹೊತ್ತಿಗೆ,” ಅಂದರು ಯಜಮಾನರು.

ಆದರೆ ನಾನು ಗದಗಿನವಳು. ಚಿಕ್ಕವಳಿದ್ದಾಗ ನಮ್ಮ ಓಣಿಗೆ ಹಗಲುವೇಷದವರು ಬರುತ್ತಿದ್ದರು. ಬೆಳಗಿನ ಹನ್ನೊಂದು ಗಂಟೆಯ ಬಿಸಿಲಲ್ಲಿ, ರಂಗಮಂಚವಿಲ್ಲ, ಪರದೆಯಿಲ್ಲ, ಒಬ್ಬ ಆಂಜನೇಯ ಕಿರಾಣಿ ಅಂಗಡಿಯ ಮುಂದೆ ನಿಂತಿರುತ್ತಿದ್ದ. ಅವನು ವೇಷದವನು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಕೈ ಮುಗಿಯುವವರು ಮುಗಿಯುತ್ತಿದ್ದರು. ವೇಷ ಎಂದು ಗೊತ್ತಿದ್ದೂ ಅದರ ಮುಂದೆ ಗಂಭೀರವಾಗುವುದು ನಮಗೆ ಹೊಸದಲ್ಲ. ಪುಷ್ಪಮಾಲಾ ಅವರ ಫೋಟೋ ನೋಡುವಾಗ ನನಗೆ ನೆನಪಾಗುವುದು ಆ ಓಣಿ. ಅಮೆರಿಕದ ಸಿಂಡಿ ಶರ್ಮನ್ ಜೊತೆ ಅವರನ್ನು ಹೋಲಿಸುವವರಿದ್ದಾರೆ. ಶರ್ಮನ್ 1970ರ ದಶಕದ ಕೊನೆಯಲ್ಲೇ ಇಲ್ಲದ ಸಿನಿಮಾಗಳ ನಾಯಕಿಯಾಗಿ ತಮ್ಮ ಫೋಟೋ ತಾವೇ ತೆಗೆದುಕೊಂಡಿದ್ದರು. ಪುಷ್ಪಮಾಲಾ ಹೊಕ್ಕ ಚಿತ್ರಗಳಲ್ಲಿ ಹಲವು ನಾವು ಆಗಲೇ ನೋಡಿದವು: ದೇವರ ಮನೆಯ ಕ್ಯಾಲೆಂಡರು, ಹಳೆಯ ಸಿನಿಮಾ, ಪತ್ರಿಕೆಯ ಒಳಪುಟ.

ಅವತ್ತು ರಾತ್ರಿ ಊಟವಾದ ಮೇಲೆ ಮಗಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿಕೊಂಡೆ. ಮೊದಲು ತೋರಿಸಿದ್ದು ‘ಫ್ಯಾಂಟಮ್ ಲೇಡಿ’. 1996-98ರಲ್ಲಿ ಮುಂಬೈಯಲ್ಲಿ ತೆಗೆದ ಕಪ್ಪು ಬಿಳುಪು ಫೋಟೋಗಳ ಕಥೆ. ಕಣ್ಣಿಗೆ ಮುಖವಾಡ, ತಲೆಗೆ ಟೋಪಿ ಹಾಕಿಕೊಂಡ ಸಾಹಸಿ ಹೆಣ್ಣು ಕಳೆದುಹೋದ ಅವಳಿ ತಂಗಿಯನ್ನು ಹುಡುಕಿಕೊಂಡು ಮಹಾನಗರ ಸುತ್ತುತ್ತಾಳೆ. ಇಬ್ಬರೂ ಪುಷ್ಪಮಾಲಾ ಅವರೇ. ಸಾಹಸಿಯ ಮೂಲ 1935ರ ‘ಹಂಟರ್‌ವಾಲಿ’ ಸಿನಿಮಾದ ಫಿಯರ್‌ಲೆಸ್ ನಾಡಿಯಾ. ಚಾವಟಿ ಬೀಸುತ್ತ, ಕುದುರೆ ಓಡಿಸುತ್ತ, ಗಂಡಸರನ್ನು ಎತ್ತಿ ಎಸೆಯುತ್ತಿದ್ದ ಆ ನಟಿಯ ನಿಜವಾದ ಹೆಸರು ಮೇರಿ ಆ್ಯನ್ ಇವಾನ್ಸ್, ಹುಟ್ಟಿದ್ದು 1908ರಲ್ಲಿ ನಮ್ಮ ಪರ್ತ್‌ನಲ್ಲಿ. ಚಿಕ್ಕವಳಿದ್ದಾಗಲೇ ಮುಂಬೈಗೆ ಹೋದ ಆಸ್ಟ್ರೇಲಿಯಾದ ಹುಡುಗಿ ಹಿಂದಿ ಸಿನಿಮಾದ ನಾಯಕಿಯಾದಳು. ಹಿಂದಿ ಉಚ್ಚಾರ ಮಾತ್ರ ಅವಳಿಗೆ ಸುಲಭಕ್ಕೆ ಒಗ್ಗಲಿಲ್ಲ. “ಅವಳಿಗೂ ಆಕ್ಸೆಂಟ್ ಇತ್ತಾ?” ಎಂದು ಮಗಳು ಎದ್ದು ಕೂತಳು. ಭಾನುವಾರದ ಕನ್ನಡ ಶಾಲೆಯಲ್ಲಿ ಳಕಾರದ ಮೇಲೆ ಎಡವುವ ಮಗುವಿಗೆ ಆ ಒಂದು ಸುದ್ದಿ ಎಷ್ಟು ಮುಖ್ಯವಾಯಿತು ಅಂದರೆ ಉಳಿದ ಕಥೆ ಕೇಳುವುದೇ ಅವಳಿಗೆ ಬೇಕಿರಲಿಲ್ಲ.

(ಹೆತ್ತವರಿಗೆ ಒಂದು ಮಾತು. ಅವರ ಎಲ್ಲ ಫೋಟೋ ಏಳು ವರ್ಷದವರಿಗಲ್ಲ. ಮೊದಲು ನೀವು ನೋಡಿ, ಆಮೇಲೆ ಆರಿಸಿ ತೋರಿಸಿ.)

ನಾನು ನಿಜವಾಗಿ ತೋರಿಸಬೇಕೆಂದಿದ್ದದ್ದು ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಆ್ಯಂಡ್ ಕಸ್ಟಮ್ಸ್’. ದಕ್ಷಿಣ ಭಾರತದ ಹೆಂಗಸರು, ಅವರ ರೀತಿ ನೀತಿ. ಹೆಸರು ಕೇಳಿದರೇ ಬ್ರಿಟಿಷರ ಕಾಲದ ದಪ್ಪ ಪುಸ್ತಕದ ಹಾಗಿದೆಯಲ್ಲ, ಬೇಕೆಂದೇ ಇಟ್ಟ ಹೆಸರು. 2000ದಿಂದ 2004ರವರೆಗೆ ಬೆಂಗಳೂರಿನಲ್ಲೇ ನೆಲೆಸಿದ್ದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ ಕೆಲಸ ಇದು, ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ನೆರವಿತ್ತು. ದಕ್ಷಿಣದ ಹೆಣ್ಣು ಎಂದರೆ ಹೀಗಿರುತ್ತಾಳೆ ಎಂದು ನಮ್ಮ ತಲೆಯಲ್ಲಿ ಕೂತ ಚಿತ್ರಗಳನ್ನು ಆರಿಸಿ, ಪರದೆ ಬರೆಸಿ, ಒಡವೆ ವಸ್ತ್ರ ಹೊಂದಿಸಿ, ಒಂದೊಂದನ್ನೂ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಒಳಗೆ ನಿಂತವರು ಪುಷ್ಪಮಾಲಾ. ರವಿವರ್ಮನ ಲಕ್ಷ್ಮಿ, ರವಿವರ್ಮನ ಬೆಳದಿಂಗಳ ಹೆಣ್ಣು, ಕೆರೆಯಿಂದ ನೀರು ಹೊತ್ತು ಬರುವವಳು, ಟೋಡ ಹೆಂಗಸು, ವೇಲಾಂಕಣಿಯ ಮಾತೆ, ಜಯಲಲಿತಾ ಅವರ ಸಿನಿಮಾದ ಒಂದು ಭಂಗಿ, ಪತ್ರಿಕೆಯಲ್ಲಿ ಬಂದಿದ್ದ ಬಂಧಿತ ಮಹಿಳೆಯರ ಚಿತ್ರ.

ಮಗಳು ಲಕ್ಷ್ಮಿಯನ್ನು ಗುರುತಿಸಿದಳು, ನಮ್ಮ ದೇವರ ಗೂಡಿನಲ್ಲಿ ಅದೇ ಚಿತ್ರ ಇದೆ. “ಅಮ್ಮ, ಇನ್ನೆರಡು ಕೈ ಯಾರದು?” ಎಂದು ಕೇಳಿದಳು. ಆಮೇಲೆ ಎರಡನೇ ಫೋಟೋ, ಮೂರನೇ ಫೋಟೋ. ನಾಲ್ಕನೆಯದಕ್ಕೆ ಚೀರಿದಳು: “ಅದೇ ಆಂಟಿ!” ಅಲ್ಲಿಂದ ಮುಂದೆ ಅದು ಆಟವಾಯಿತು. ಯಾವ ವೇಷದಲ್ಲಿದ್ದರೂ ಆ ಮೂಗು, ಆ ಕಣ್ಣು ಹುಡುಕಿ ಬೆರಳಿಡುವುದು. ಲಕ್ಷ್ಮಿಯನ್ನು ನೋಡಿದ ಮುಖವನ್ನೇ ಕಳ್ಳಿಯಲ್ಲೂ ನೋಡಿದಳು. “ಇವರು ದೇವರಾ, ಕಳ್ಳಿಯಾ?” ಅಂದರೆ ನಾನು, “ಎರಡೂ ಅಲ್ಲ ಮಮ್ಮೀ, ಬೆಂಗಳೂರು ಆಂಟಿ!” ಎಂದು ನನ್ನ ದಡ್ಡತನಕ್ಕೆ ಮರುಕಪಟ್ಟಳು. ಕಲಾವಿಮರ್ಶಕರು ಪುಟಗಟ್ಟಲೆ ಬರೆದದ್ದರ ಅರ್ಧ ಅದೇ.

ಆ ಫೋಟೋಗಳಲ್ಲಿ ನನಗೆ ಇಷ್ಟವಾದ ಸಂಗತಿ, ಅವು ಮೋಸ ಮಾಡುವುದಿಲ್ಲ. ಬಂಡೆ ಬಣ್ಣ ಬಳಿದ ಬಂಡೆ, ಚಂದ್ರ ಬರೆದ ಚಂದ್ರ ಎಂಬುದು ನೋಡಿದರೆ ತಿಳಿಯುತ್ತದೆ. ಸಾಲದ್ದಕ್ಕೆ ತಯಾರಿಯ ಫೋಟೋಗಳನ್ನೂ ಅದೇ ಯೋಜನೆಯ ಒಂದು ಭಾಗವೆಂದೇ ತೋರಿಸಿದ್ದಾರೆ. ನಮ್ಮ ಸಂಶೋಧನಾ ಲೇಖನಗಳಲ್ಲಿ ‘ವಿಧಾನ’ ಎಂಬ ವಿಭಾಗ ಇರುತ್ತದಲ್ಲ, ಫಲಿತಾಂಶ ಹೇಗೆ ಬಂತು ಎಂದು ಒಪ್ಪಿಸುವ ಜಾಗ, ಅದೇ ತರಹ.

ಆ ಸಾಲಿನಲ್ಲಿ ಒಬ್ಬಳು ಯೋಗಿನಿ ಇದ್ದಾಳೆ. ಮೂಲ ಚಿತ್ರ ನಮ್ಮ ವಿಜಯಪುರದ್ದು, 17ನೇ ಶತಮಾನದ ಆರಂಭದಲ್ಲಿ ಆದಿಲಶಾಹಿಯ ಕಾಲದಲ್ಲಿ ಬರೆದದ್ದು, ಈಗ ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಎತ್ತರದ ಜಡೆಗಂಟು ಕಟ್ಟಿದ ಯೋಗಿನಿಯ ಕೈಮೇಲೆ ಒಂದು ಮೈನಾ ಹಕ್ಕಿ. ಮಗಳಿಗೆ ಯೋಗಿನಿ ಬೇಡವಾಗಿತ್ತು, ಹಕ್ಕಿ ಸಾಕಿತ್ತು. ವಿಂಡಮ್ ವೇಲ್‌ನ ಪ್ರತಿ ಹುಲ್ಲುಹಾಸಿನ ಮೇಲೂ ಮೈನಾಗಳಿವೆ. 1860ರ ದಶಕದಲ್ಲಿ ಹುಳು ತಿನ್ನಲಿ ಎಂದು ಮೆಲ್ಬರ್ನಿಗೆ ತಂದು ಬಿಟ್ಟವು, ಈಗ ಪಿಡುಗು ಅನ್ನಿಸಿಕೊಂಡಿವೆ. ವಿಜಯಪುರದ ಚಿತ್ರ ಡಬ್ಲಿನ್ನಿಗೆ, ಅಲ್ಲಿಯ ಹಕ್ಕಿಯ ಬಂಧುಗಳು ನಮ್ಮ ಹಿತ್ತಲಿಗೆ. ಯಾರು ಎಲ್ಲಿಯವರು ಎಂಬ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಪಾಠ ನನಗೆ ಹೊಳೆಯಲಿಲ್ಲ.

ಒಂದು ಗುಂಪಿನ ಫೋಟೋಗಳನ್ನು ಮಗಳಿಗೆ ತೋರಿಸಲಿಲ್ಲ, ಅವಳು ಮಲಗಿದ ಮೇಲೆ ಒಬ್ಬಳೇ ನೋಡಿದೆ. ಅವು ಹಳೆಯ ಮಾನವಶಾಸ್ತ್ರದ ಫೋಟೋಗಳ ಮರುಸೃಷ್ಟಿ. 1869ರಲ್ಲಿ ಜಾನ್ ಲ್ಯಾಂಪ್ರೆ ಎಂಬ ಇಂಗ್ಲಿಷಿನವ ಒಂದು ಉಪಾಯ ಹೇಳಿದ: ಎರಡೆರಡು ಅಂಗುಲದ ಚೌಕ ಬರುವಂತೆ ದಾರ ಕಟ್ಟಿದ ಚೌಕಟ್ಟಿನ ಮುಂದೆ ಮನುಷ್ಯರನ್ನು ಬೆತ್ತಲೆ ನಿಲ್ಲಿಸಿ ಫೋಟೋ ತೆಗೆದರೆ, ಬೇರೆ ಬೇರೆ ಜನಾಂಗದ ಮೈಗಳನ್ನು ಹೋಲಿಸಿ ಅಳೆಯಬಹುದು. ಅಂಡಮಾನಿನಲ್ಲಿ ಪೋರ್ಟ್‌ಮನ್ ಎಂಬ ಅಧಿಕಾರಿ 1890ರ ದಶಕದಲ್ಲಿ ಚೌಕಳಿ ಪರದೆಯ ಮುಂದೆ ಅಲ್ಲಿಯ ಜನರನ್ನು ನಿಲ್ಲಿಸಿದ. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಊರೂರು ತಿರುಗಿ ಜನರ ಮೂಗಿನ ಉದ್ದ ಅಗಲ ಅಳೆದ, 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಇದೆಲ್ಲ ದೂರದ ಮಾತು ಅಂದುಕೊಳ್ಳಬೇಡಿ. ಮೆಲ್ಬರ್ನ್ ವಿಶ್ವವಿದ್ಯಾಲಯಕ್ಕೆ 1887ರಲ್ಲಿ ಬಂದ ಮೊಟ್ಟಮೊದಲ ಜೀವಶಾಸ್ತ್ರದ ಪ್ರೊಫೆಸರ್ ಬಾಲ್ಡ್ವಿನ್ ಸ್ಪೆನ್ಸರ್. ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳ ಸಾವಿರಾರು ಚಿತ್ರ ತೆಗೆದವರಲ್ಲಿ ಆತನೂ ಒಬ್ಬ. ಅವನ ಸಂಗ್ರಹ ಇವತ್ತಿಗೂ ನಮ್ಮ ಮ್ಯೂಸಿಯಮ್ಮಿನಲ್ಲಿದೆ. ಅಂದರೆ ಜೀವಶಾಸ್ತ್ರದವಳಾದ ನನ್ನ ಕಸುಬಿನ ಮುತ್ತಜ್ಜ.

ಪುಷ್ಪಮಾಲಾ ಆ ಚೌಕಳಿ ಪರದೆಯ ಮುಂದೆ ತಾವೇ ಹೋಗಿ ನಿಂತಿದ್ದಾರೆ, ಅಳತೆಯ ಸಾಧನದ ಸಮೇತ. ನಾನು ದಿನಾ ಸೂಕ್ಷ್ಮದರ್ಶಕದ ಕೆಳಗೆ ಕೋಶಗಳ ಮೇಲೆ ಚೌಕಳಿ ಇಟ್ಟು ಎಣಿಸುವವಳು. ಆ ಫೋಟೋ ನೋಡಿ ಕುರ್ಚಿಯಲ್ಲಿ ಸ್ವಲ್ಪ ಮುದುಡಿಕೊಂಡೆ. ಆದರೂ ನನ್ನ ತಕರಾರೊಂದನ್ನು ಹೇಳಿಯೇ ಬಿಡುತ್ತೇನೆ. ಬೆಂಗಳೂರಿನ ಕಲಾವಿದೆ ಶೂಟಿಂಗ್ ಮುಗಿದ ಮೇಲೆ ಪರದೆ ಮಡಚಿಟ್ಟು ಮನೆಗೆ ಹೋಗಬಹುದು. ಅಂಡಮಾನಿನ ಆ ಹೆಂಗಸಿಗೆ ಹಾಗೆ ಎದ್ದು ಹೋಗುವ ಅನುಕೂಲ ಇರಲಿಲ್ಲ. ಆ ವ್ಯತ್ಯಾಸವನ್ನು ಫೋಟೋ ತೋರಿಸುತ್ತದೋ ಮುಚ್ಚುತ್ತದೋ ಎಂದು ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಮಗಳು ಬಾವುಟಗಳ ಮುಂದೆ ನಿಂತಿದ್ದ ಹೋದ ವರ್ಷದ ಫೋಟೋವನ್ನು ಫೋನಿನಲ್ಲಿ ತೆಗೆದು ಮತ್ತೊಮ್ಮೆ ನೋಡಿದೆ. ಎರಡೂ ಒಂದೇ ಅಲ್ಲ, ಖಂಡಿತ ಅಲ್ಲ. ಆದರೆ ‘ಇವಳು ಇಂಥವಳು’ ಎಂದು ನಿಲ್ಲಿಸಿ ತೆಗೆದ ಫೋಟೋದಲ್ಲಿ ನಿಂತವರ ಭುಜ ಹೇಗಿರುತ್ತದೆ ಎಂದು ಗೊತ್ತಾಯಿತು.

ಮರುದಿನ ಅವಳಿಗೆ ನನ್ನ ಉತ್ತರ ಹೇಳಿದೆ. ಹೌದು, ಅದು ನಾಟಕ. ಬೇಡವೆಂದರೆ ಬೇಡ, ಕಿತ್ತಳೆ ಟೀ ಶರ್ಟ್ ಹಾಕಿಕೊಂಡು ಹೋಗು. ನಾಟಕ ಮಾಡುವುದಾದರೆ ಯಾರ ಪಾತ್ರ ಎಂದು ನೀನೇ ಹೇಳು. ಅವಳು ಎರಡು ದಿನ ಯೋಚಿಸಿದಳು. ಫ್ಯಾಂಟಮ್ ಲೇಡಿ ಅಂದಳು. ಆಮೇಲೆ 2014ರಲ್ಲಿ ಕೊಚ್ಚಿ ಬಿನಾಲೆಯಲ್ಲಿ ಪುಷ್ಪಮಾಲಾ ಗಡ್ಡ ಅಂಟಿಸಿಕೊಂಡು ವಾಸ್ಕೋ ಡ ಗಾಮಾ ಆಗಿದ್ದನ್ನು ನೋಡಿ (1898ರ ಪೋರ್ಚುಗೀಸ್ ವರ್ಣಚಿತ್ರವೊಂದರ ಮರುಸೃಷ್ಟಿ ಅದು) ತನಗೂ ಗಡ್ಡ ಬೇಕು ಅಂದಳು. ಕೊನೆಗೆ ಹಾಲ್‌ನಲ್ಲಿ ತೂಗುಹಾಕಿರುವ ನನ್ನ ಅಜ್ಜಿಯ, ಅಂದರೆ ಅವಳ ಮುತ್ತಜ್ಜಿಯ, ಫೋಟೋ ಮುಂದೆ ನಿಂತು, “ಇವರಾಗ್ತೀನಿ” ಅಂದಳು.

ಆ ಫೋಟೋ ಗದಗಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಕಮಾನು, ತೋಟ ಬರೆದ ಪರದೆ. ಇಳಕಲ್ಲ ಸೀರೆ, ಖಣದ ಕುಪ್ಪಸ, ತಲೆ ಮೇಲೆ ಸೆರಗು, ಕೊರಳಲ್ಲಿ ಬೋರಮಾಳ, ಎಡಗೈಯಲ್ಲಿ ಒಂದು ಕೈಗಡಿಯಾರ. ಒಂದು ಕೈ ಕುರ್ಚಿಯ ಮೇಲೆ. ಮುಖದಲ್ಲಿ ನಗುವಿಲ್ಲ. ಆಸ್ಟ್ರೇಲಿಯಾಕ್ಕೆ ಬರುವಾಗ ನಾನು ಹ್ಯಾಂಡ್ ಲಗೇಜಿನಲ್ಲಿ ತಂದ ಕೆಲವೇ ವಸ್ತುಗಳಲ್ಲಿ ಅದೊಂದು. ನಮ್ಮ ನಿಜವಾದ ಬೇರು ಇದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ಹಿತ್ತಲಲ್ಲಿ ಬೆಡ್‌ಶೀಟ್ ಕಟ್ಟಿ ಅದಕ್ಕೆ ಕಮಾನು ಬರೆದೆವು. ಸೀರೆ ಉಡಿಸುವುದರಲ್ಲಿ ಮೊದಲ ತೊಡಕು ಬಂತು, ಸೆರಗು ತಲೆ ಮೇಲೆ ನಿಲ್ಲದು. ಗದಗಿನಲ್ಲಿರುವ ನನ್ನ ತಾಯಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮರದ ಕುಂಡಕ್ಕೆ ಒರಗಿಸಿದೆ. “ಹಂಗಲ್ಲವ್ವಾ, ಬಲಕ್ಕ ತಗೋ. ಹಾಂ. ಈಗ ತಲಿ ಮ್ಯಾಲ ಹೊದಿ.” ಮಗಳು ಬಲಕ್ಕೆ ತೆಗೆದುಕೊಂಡಳು. ಆಮೇಲೆ ಗಂಭೀರವಾಗಿ ಕೇಳಿದಳು: “ಮುತ್ತಜ್ಜಿಗೆ ಇಂಗ್ಲಿಷ್ ಬರ್ತಿತ್ತಾ?” ಇಲ್ಲ ಎಂದೆ. ಆ ಕ್ಷಣದಿಂದ ಸೀರೆ ಬಿಚ್ಚುವವರೆಗೆ ಅವಳ ಬಾಯಿಂದ ಇಂಗ್ಲಿಷ್ ಬರಲಿಲ್ಲ.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಯಲ್ಲಿ ನನ್ನದು ಗದಗಿನ ಮಾತು, ಯಜಮಾನರದು ಮೈಸೂರಿನದು, ಭಾನುವಾರದ ಶಾಲೆಯದು ಪುಸ್ತಕದ ಕನ್ನಡ. ಮಗಳಿಗೆ ಮೂರೂ ಅರ್ಥವಾಗುತ್ತವೆ, ಮೂರಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ‘ಕನ್ನಡದಲ್ಲಿ ಹೇಳು’ ಎಂದರೆ ತುಟಿ ಬಿಗಿಯುತ್ತಾಳೆ, ತಪ್ಪಾದರೆ ನಾವು ನಗುತ್ತೇವೆ ಎಂಬ ಭಯ. (ನಕ್ಕಿದ್ದೇವೆ ಕೂಡ, ಅದು ನಮ್ಮ ತಪ್ಪು.) ಆದರೆ ತಾನು ಬೇರೆ ಯಾರೋ ಆಗಿದ್ದಾಗ ತಪ್ಪುವವಳು ಅವಳಲ್ಲ, ಆ ಬೇರೆಯವಳು. ಮುತ್ತಜ್ಜಿಯ ಬಾಯಲ್ಲಿ ಕನ್ನಡ ಸರಾಗ ಬಂತು, ತಪ್ಪುಗಳ ಸಮೇತ, ನಾಚಿಕೆಯಿಲ್ಲದೆ. ಮಾದರಿಯ ಗಾತ್ರ ಒಂದು ಮಗು, ಒಂದು ಬೆಳಗು. ಇದರ ಮೇಲೆ ಸಿದ್ಧಾಂತ ಕಟ್ಟಿದರೆ ನನ್ನ ಸಹೋದ್ಯೋಗಿಗಳು ಬಿಡುವುದಿಲ್ಲ. ಆದರೂ ನಿಮ್ಮ ಮನೆಯಲ್ಲೊಮ್ಮೆ ಪ್ರಯತ್ನಿಸಿ ನೋಡಿ. ದುಬಾರಿ ಸೀರೆ ಬೇಕಿಲ್ಲ, ಒಂದು ದುಪಟ್ಟಾ ಮತ್ತು ಇಂಗ್ಲಿಷ್ ಬಾರದ ಒಬ್ಬ ಪಾತ್ರ ಇದ್ದರೆ ಸಾಕು. ನಾವು ಆಮೇಲೆ ಪುಷ್ಪಮಾಲಾ ಅವರ ನವರಸದ ಫೋಟೋಗಳನ್ನೂ ಆಡಿದೆವು. 2000ದ ನಂತರ ಮುಂಬೈಯ ಹಿರಿಯ ಸಿನಿಮಾ ಛಾಯಾಗ್ರಾಹಕ ಜೆ.ಎಚ್. ಠಕ್ಕರ್ ಅವರ ಸ್ಟುಡಿಯೋದಲ್ಲಿ ತೆಗೆದವು ಅವು, ಹಳೆಯ ತಾರೆಯರ ಶೈಲಿಯಲ್ಲಿ ಒಂಬತ್ತು ರಸ. ಬೀಭತ್ಸ ಎಂಬ ಶಬ್ದ ನಮ್ಮ ಮನೆಯಲ್ಲಿ ಈಗ ವೆಜಿಮೈಟ್‌ಗೆ ಖಾಯಂ ಆಗಿದೆ.

ಹಿತ್ತಲಿಗೆ ವಾಪಸು ಬರುತ್ತೇನೆ. ಸೀರೆ ಆಯಿತು, ಬೋರಮಾಳಕ್ಕೆ ಬದಲು ಗಾಜಿನ ಮಣಿ ಆಯಿತು, ಗಡಿಯಾರ ಇರಲಿಲ್ಲ. ಅಪ್ಪನದನ್ನು ತಂದು ಕಟ್ಟುತ್ತಿದ್ದಾಗ ಫೋನಿನಿಂದ ನನ್ನ ತಾಯಿ ನಕ್ಕರು. “ಹಾಂ, ಬ್ಯಾರೆಯವರದ ಕಟ್ಟು. ಆಕಿನೂ ಹಂಗ ಮಾಡಿದ್ಲು.” ಏನು ಅಂದರೆ, “ಆ ಗಡಿಯಾರ ನಮ್ಮವ್ವಂದಲ್ಲ. ಸ್ಟುಡಿಯೋದವಂದು. ಫೋಟೋಕ್ಕ ಬಂದವರಿಗೆಲ್ಲ ಅದನ್ನ ಕಟ್ಟತಿದ್ದ. ಆಕಿಗಿ ಟೈಮ ನೋಡಾಕ ಎಲ್ಲಿ ಬರ್ತಿತ್ತು?” ಬೋರಮಾಳವೂ ನೆರೆಮನೆಯವರದಂತೆ.

ನಾನು ಸುಮ್ಮನೆ ನಿಂತೆ. ಹತ್ತು ವರ್ಷ ಗೋಡೆಯ ಮೇಲಿಟ್ಟು ನಮ್ಮ ಬೇರು ಎಂದು ತೋರಿಸಿದ ಫೋಟೋ. ಮಗಳಿಗೆ ಮಾತ್ರ ಹಬ್ಬ. “ಮುತ್ತಜ್ಜಿನೂ ನಾಟಕ ಮಾಡಿದ್ರು!” ಎಂದು ಸೀರೆ ಎತ್ತಿಕೊಂಡು ಕುಣಿದಳು. ಯಾಕೆ ಹಾಗೆ ಮಾಡಿದಳು ಎಂದು ಅಜ್ಜಿಯನ್ನು ವಿಚಾರಿಸಿದಳು, ಕನ್ನಡದಲ್ಲೇ. ನನ್ನ ತಾಯಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು, “ಆಕಿಗಿ ಸಾಲಿ ಕಲಿಬೇಕಂತ ಭಾಳ ಇತ್ತವ್ವಾ. ಕಳಸಲಿಲ್ಲ. ಗಡಿಯಾರ ಕಟ್ಟಿದ್ರ ಓದಿದಾಕಿ ಹಂಗ ಕಾಣತೀನಿ ಅಂತಿದ್ಲು.” ಅದನ್ನು ನಾನು ಇಷ್ಟು ವರ್ಷದಲ್ಲಿ ಕೇಳಿರಲೇ ಇಲ್ಲ, ಯಾಕೆಂದರೆ ನಾನು ಆ ಫೋಟೋಕ್ಕೆ ಒಂದು ಪ್ರಶ್ನೆಯನ್ನೂ ಹಾಕಿರಲಿಲ್ಲ. ಪಿಎಚ್‌.ಡಿ. ಮೊಮ್ಮಗಳು.

ಪುಷ್ಪಮಾಲಾ ಅವರ ಕೆಲಸದಲ್ಲಿ ಇಂಥ ಮನೆಯ ಕಾಗದಪತ್ರಗಳಿಗೂ ಜಾಗವಿದೆ. 2004ರ ‘ರಾಷ್ಟ್ರೀಯ ಖೀರ್ ಮತ್ತು ದೇಶೀಯ ಸಲಾಡ್’ ಎಂಬ ಪುಟ್ಟ ಮೂಕಿಚಿತ್ರ ಹುಟ್ಟಿದ್ದು ತಾಯಿಯ ಮತ್ತು ಅತ್ತೆಯ ಅಡುಗೆ ಪುಸ್ತಕಗಳಿಂದ, ಸ್ವಾತಂತ್ರ್ಯ ಬಂದ ಹೊಸತರ ಆದರ್ಶ ಕುಟುಂಬದ ಕಥೆಯಾಗಿ. ಸೂಟ್‌ಕೇಸಿನಲ್ಲಿ ಅಮ್ಮನ ಅಡುಗೆ ನೋಟ್‌ಬುಕ್ ತಂದವರು ನಿಮ್ಮಲ್ಲೂ ಇದ್ದೀರಿ. 2012ರ ‘ಆವೇಗ’ದಲ್ಲಿ ಕೈಕೇಯಿ, ಶೂರ್ಪನಖಿ, ಸೀತೆ ಮೂವರೂ ಅವರೇ ಆದರು. ತಾವು ಕಟ್ಟಿದ ಒಂದು ಕಾಲ್ಪನಿಕ ಸಂಸ್ಥೆಗೆ ‘ಸೋಂಬೇರಿಕಟ್ಟೆ’ ಎಂದು ಹೆಸರಿಟ್ಟಿದ್ದಾರೆ, ಒಮ್ಮೆ ಅದು ಮಾತುಕತೆಯ ವೇದಿಕೆ, ಇನ್ನೊಮ್ಮೆ ಚಿತ್ರ ತಯಾರಿಕೆಯ ಬ್ಯಾನರ್. ಪ್ರೆಸಿಡೆಂಟ್ಸ್ ಪಾರ್ಕಿನಲ್ಲಿ ಮಕ್ಕಳ ಆಟ ಮುಗಿಯಲಿ ಎಂದು ನಾವು ಕಾಯುತ್ತ ಕೂರುವ ಬೆಂಚಿಗೆ ನಮ್ಮ ಗುಂಪು ಈಗ ಅದೇ ಹೆಸರಿಟ್ಟಿದೆ. 2019ರಲ್ಲಿ ಚೆನ್ನೈ ಫೋಟೋ ಬಿನಾಲೆಯ ಕಲಾ ನಿರ್ದೇಶಕಿಯಾಗಿದ್ದರು.

ಇನ್ನೊಂದು ಕೃತಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಭಾರತಮಾತೆಯ ವೇಷವನ್ನು ಅವರು 2005ರ ಆಸುಪಾಸಿನಿಂದ ಮತ್ತೆ ಮತ್ತೆ ಹಾಕಿದ್ದಾರೆ. ಗೆಳತಿ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದ ಮೇಲೆ, ಅದೇ ಭಾರತಮಾತೆಯಾಗಿ ಅವರು ಸಾರು ಮಾಡಿದರು. ಕೃತಿಯ ಹೆಸರು ‘ಗೌರಿ ಲಂಕೇಶ್ಸ್ ಅರ್ಜೆಂಟ್ ಸಾರು’. ಭಾಷಣವಿಲ್ಲ, ಹೋದವರ ಕೈರುಚಿಯ ಸಾರು. ಕೆಲಸದಿಂದ ಏಳು ಗಂಟೆಗೆ ಬಂದು ಅರ್ಜೆಂಟ್ ಸಾರು ಮಾಡುವ ಪ್ರತಿಯೊಬ್ಬರಿಗೂ ಆ ಹೆಸರು ಎಲ್ಲಿ ತಟ್ಟುತ್ತದೆ ಎಂದು ಗೊತ್ತು. ಇದನ್ನು ಮಗಳಿಗೆ ಇನ್ನೂ ಹೇಳಿಲ್ಲ. ಹೇಳುವ ವಯಸ್ಸು ಬರುತ್ತದೆ.

ಹಾರ್ಮನಿ ಡೇ ಬಂತು. ಮಗಳು ಸೀರೆ ಉಟ್ಟು, ಅಪ್ಪನ ಗಡಿಯಾರ ಮೊಳಕೈವರೆಗೆ ಏರಿಸಿ, ರಟ್ಟಿನ ಚೌಕಟ್ಟೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದಳು. ಚೌಕಟ್ಟು ಬೆಳಗಿನ ಮಳೆಗೆ ಕಾರಿನಿಂದ ಗೇಟಿಗೆ ಹೋಗುವುದರೊಳಗೆ ಅರ್ಧ ಕಿತ್ತುಬಂತು. ಯಾವ ದೇಶ ಎಂದು ಯಾರೋ ಕೇಳಿದರಂತೆ. ದೇಶ ಅಲ್ಲ, ನನ್ನ ಮುತ್ತಜ್ಜಿ, ಫೋಟೋ ಸ್ಟುಡಿಯೋಗೆ ಹೋದ ದಿನ, ಗಡಿಯಾರ ಅವರದಲ್ಲ, ಅಂದಳಂತೆ. ಆಮೇಲೆ ಪಕ್ಕದ ಬೆಂಚಿನ ಸಮೋವಾದ ಹುಡುಗ ತನ್ನ ಅಜ್ಜನ ಫೋಟೋ ಕಥೆ ಹೇಳಿದನಂತೆ. ಬಾವುಟಗಳ ಮುಂದೆ ಈ ವರ್ಷವೂ ನಿಲ್ಲಿಸಿದರು. ನಿಂತಳು, ನಗಲಿಲ್ಲ.

ಆ ಸಂಜೆ ಗದಗಿಗೆ ಫೋಟೋ ಕಳಿಸಿದೆವು. ನನ್ನ ತಾಯಿ ಕನ್ನಡಕ ಹಾಕಿಕೊಂಡು ನೋಡಿ, “ಎಲ್ಲಾ ಚಲೋ ಐತಿ. ಗಡಿಯಾರ ಎಡಗೈಯಾಗ ಇತ್ತು, ನೀ ಬಲಗೈಗಿ ಕಟ್ಟೀಯಲ್ಲ,” ಅಂದರು. ಮಗಳು ಗೋಡೆಯ ಫೋಟೋ ನೋಡಿದಳು, ತನ್ನ ಕೈ ನೋಡಿಕೊಂಡಳು, ಮತ್ತೆ ಸೀರೆ ಹೊರಗೆ ಬಂತು. ಹಿತ್ತಲಲ್ಲಿ ಬೆಳಕು ಇಳಿಯುತ್ತಿತ್ತು, ಬೆಡ್‌ಶೀಟಿನ ಕಮಾನು ಮಳೆಗೆ ಕರಗಿ ನೀಲಿ ನೀಲಿ ಇಳಿದಿತ್ತು. ಅವಳು ಕುರ್ಚಿಯ ಮೇಲೆ ಕೈಯಿಟ್ಟು, ಗಲ್ಲ ಎತ್ತಿ ನಿಂತಳು.

“ಅಮ್ಮ, ನೀ ನಗಬ್ಯಾಡ. ನೀ ನಕ್ಕರ ನನಗೂ ನಗಿ ಬರ್ತೈತಿ.”